ನಾವೂ ಬರಬಹುದಾ, ಮೇಡಂ?

ವಿಶ್ವವಿದ್ಯಾಲಯವೊಂದರ ಕಾರ್ಯಕ್ರಮಗಳ ವಿಭಾಗದಲ್ಲಿ ನನ್ನ ಕೆಲಸ. ಪ್ರತಿ ಸೋಮವಾರ ಬೆಳಿಗ್ಗೆ ‘ಮುಂದಿನ ಎರಡು ವಾರ’ ಅಂತ ಒಂದು ಪಟ್ಟಿ ಹೊರಡಿಸಬೇಕು. ಉಪನ್ಯಾಸ, ನಾಟಕ, ಸಂಗೀತ, ಕಾರ್ಯಾಗಾರ, ಪುಸ್ತಕ ಬಿಡುಗಡೆ, ಸಿನಿಮಾ ಪ್ರದರ್ಶನ, ಎಲ್ಲವೂ ಅದರಲ್ಲೇ. ಎಲ್ಲರಿಗೂ ಇಮೇಲ್ ಹೋಗುತ್ತದೆ, ನೋಟಿಸ್ ಬೋರ್ಡಿಗೂ ಒಂದು ಪ್ರತಿ ಅಂಟಿಸುತ್ತೇವೆ. ನೋಡುವವರಿಗೆ ಸುಲಭದ ಕೆಲಸ. ವಿಭಾಗದವರು ಕಳಿಸುತ್ತಾರೆ, ನಾನು ಜೋಡಿಸುತ್ತೇನೆ, ಅಷ್ಟೇ ಅಲ್ವಾ? ಮೊದಲ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಸಂಜೆ ಭೌತಶಾಸ್ತ್ರ ವಿಭಾಗದ ಉಪನ್ಯಾಸ ಇತ್ತು. ವಿಷಯ ಗುರುತ್ವದ ಅಲೆಗಳು. ಬಂದವರು ಚೆನ್ನಾಗಿ ಮಾತಾಡುವವರು, ನಡುನಡುವೆ ನಗಿಸುವವರು. ಹಾಲ್‌ನಲ್ಲಿ ಇನ್ನೂರು ಕುರ್ಚಿ. ಕೂತಿದ್ದವರು ಮೂವತ್ತೋ ಮೂವತ್ತೈದೋ, ಅವರೂ ಎಲ್ಲ ಅದೇ ವಿಭಾಗದವರು. ಹಿಂದೆ ನಿಂತು ನಾನು ಖಾಲಿ ಕುರ್ಚಿ ಎಣಿಸುತ್ತಿದ್ದೆ. ಈ ಕೆಲಸಕ್ಕೆ ಸೇರಿದ ಮೇಲೆ ಅಂಟಿಕೊಂಡ ಚಾಳಿ ಇದು. ಈಗ ಎಲ್ಲಿಗೆ ಹೋದರೂ ಕುರ್ಚಿ ಎಣಿಸುತ್ತೇನೆ.

ಮುಗಿಸಿ ಹೊರಗೆ ಬಂದರೆ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಸಾಹಿತ್ಯದ ವಿದ್ಯಾರ್ಥಿನಿ, ಒಳಗಿದ್ದ ಗೆಳತಿಗಾಗಿ ಕಾಯುತ್ತಿದ್ದಳಂತೆ. ಮುಕ್ಕಾಲು ಗಂಟೆಯಿಂದ ಅಲ್ಲೇ ಇದ್ದಾಳೆ.

“ಒಳಗೆ ಏನಿತ್ತು ಮೇಡಂ? ತುಂಬಾ ನಗ್ತಾ ಇದ್ರು.”

ಹೇಳಿದೆ.

“ಅಯ್ಯೋ, ಅದಕ್ಕೆ ನಾವೂ ಬರಬಹುದಿತ್ತಾ? ಅವರ ವಿಭಾಗದವರಿಗೆ ಮಾತ್ರ ಅಂದ್ಕೊಂಡೆ.”

ಕಚೇರಿಗೆ ವಾಪಸ್ ಹೋಗಿ ನಾನೇ ಹಾಕಿದ್ದ ಪ್ರಕಟಣೆ ತೆಗೆದು ನೋಡಿದೆ. ಮೇಲೆ ದಪ್ಪ ಅಕ್ಷರದಲ್ಲಿ ವಿಭಾಗದ ಹೆಸರು. ಕೆಳಗೆ ಅಧ್ಯಕ್ಷತೆ ಯಾರು, ಉಪಸ್ಥಿತಿ ಯಾರು. ಮಾತಾಡುವವರ ಪದವಿಗಳು, ಹುದ್ದೆಗಳು. ನಂತರ ಒಂದೂವರೆ ಸಾಲಿನ ಶೀರ್ಷಿಕೆ, ಅದನ್ನು ಉಸಿರು ಬಿಗಿ ಹಿಡಿದೇ ಓದಬೇಕು. ಕೊನೆಗೆ ಸ್ಥಳ, ಸಮಯ. ಯಾರು ಬರಬಹುದು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಹಳೆಯ ಪಟ್ಟಿಗಳನ್ನೂ ತಿರುವಿ ಹಾಕಿದೆ. ಅವುಗಳಲ್ಲೂ ಇದೇ ಕಥೆ.

ತಪ್ಪು ವಿಭಾಗದವರದ್ದು ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಅವರು ಅದನ್ನು ಬರೆಯದೇ ಇರುವುದಕ್ಕೆ ಕಾರಣ ಇದೆ. ಬಾಗಿಲು ತೆರೆದಿದೆ ಅಂತ ಅವರಿಗೆ ಗೊತ್ತು. ಗೊತ್ತಿರುವುದನ್ನು ಯಾರು ಬರೆಯುತ್ತಾರೆ? ಹೊರಗಿನವರಿಗೆ ಕಾಣುವುದು ಬೋರ್ಡ್ ಮಾತ್ರ. ಮನೆ ಮುಂದೆ ಬೇರೆಯವರ ಹೆಸರು ಬರೆದಿದ್ದರೆ ನಾವು ಸೀದಾ ಒಳಗೆ ಹೋಗಿ ಕೂರುತ್ತೇವಾ? ಈ ಎರಡೂ ಕಡೆಯನ್ನು ನೋಡಬೇಕಾದವಳು ನಾನು. ನಾನು ಮಾಡುತ್ತಿದ್ದದ್ದು ನಕಲು ಮಾಡಿ ಅಂಟಿಸುವ ಕೆಲಸ.

ಆಮೇಲೆ ಪ್ರತಿ ಪ್ರಕಟಣೆಯ ಮೊದಲ ಸಾಲು ಬದಲಾಯಿತು. ‘ಯಾರು ಬೇಕಾದರೂ ಬರಬಹುದು. ಮೊದಲೇ ಹೆಸರು ಕೊಡಬೇಕಿಲ್ಲ. ಟಿಕೆಟ್ ಇಲ್ಲ.’ ಇಲ್ಲವೇ, ‘ಎರಡನೇ ವರ್ಷದ ರಸಾಯನಶಾಸ್ತ್ರದವರಿಗೆ ಮಾತ್ರ.’ ಹೀಗೆ ‘ಮಾತ್ರ’ ಅಂತ ಬರೆದರೂ ಯಾರೂ ಬೇಜಾರಾಗಲಿಲ್ಲ. ಜನಕ್ಕೆ ಬೇಜಾರಾಗುವುದು ಗೊತ್ತಾಗದೆ ಬಾಗಿಲ ತನಕ ಬಂದು ವಾಪಸ್ ಹೋಗಬೇಕಾದಾಗ. ಇದರ ಜೊತೆಗೆ ಇನ್ನೊಂದು ಸಾಲು: ‘ವಿಷಯದ ಪರಿಚಯ ಬೇಕಿಲ್ಲ’ ಅಥವಾ ‘ಪದವಿ ಮಟ್ಟದ ಗಣಿತ ಗೊತ್ತಿದ್ದರೆ ಅನುಕೂಲ’. ಇಲ್ಲಿ ಸುಳ್ಳು ಹೇಳಬಾರದು. ಎಲ್ಲರಿಗೂ ಅರ್ಥವಾಗುತ್ತೆ ಅಂತ ಕರೆದು ಬೋರ್ಡ್ ತುಂಬಾ ಸಮೀಕರಣ ಬರೆದರೆ, ಬಂದವರು ಮುಂದಿನ ವರ್ಷದ ತನಕ ಆ ಕಡೆ ತಲೆ ಹಾಕುವುದಿಲ್ಲ.

ಶೀರ್ಷಿಕೆಗಳ ವಿಷಯದಲ್ಲಿ ಜಗಳವೇ ಆಯಿತು. ಗುರುತ್ವದ ಅಲೆಗಳ ಬಗ್ಗೆ ಅದೇ ವಿಭಾಗ ಮತ್ತೊಂದು ಉಪನ್ಯಾಸ ಇಟ್ಟುಕೊಂಡಾಗ ನಾನೊಂದು ಪರಿಚಯ ಬರೆದುಕೊಟ್ಟೆ. ಸುಮಾರು 130 ಕೋಟಿ ವರ್ಷಗಳ ಹಿಂದೆ ಎರಡು ಕಪ್ಪುಕುಳಿಗಳು ಒಂದಕ್ಕೊಂದು ಸುತ್ತಿ ಸುತ್ತಿ ಕೊನೆಗೆ ಕೂಡಿಕೊಂಡವು. ಆ ಅದುರು, ಅಂದರೆ ಗುರುತ್ವದ ಅಲೆ, 2015ರ ಸೆಪ್ಟೆಂಬರ್ 14ರಂದು ಭೂಮಿಯನ್ನು ದಾಟಿ ಹೋಯಿತು. ಅದನ್ನು ಹಿಡಿದ ಲೈಗೋ ಅನ್ನುವ ಉಪಕರಣದ ಒಂದೊಂದು ತೋಳು 4 ಕಿಲೋಮೀಟರ್ ಉದ್ದ. ಆ ಉದ್ದದಲ್ಲಿ ಆದ ಬದಲಾವಣೆ ಒಂದು ಪ್ರೋಟಾನಿಗಿಂತಲೂ ಎಷ್ಟೋ ಪಾಲು ಚಿಕ್ಕದು. ಅಷ್ಟು ಚಿಕ್ಕದನ್ನು ಅಳೆದದ್ದು ಹೇಗೆ? ಇಷ್ಟೇ ಬರೆದದ್ದು. ವಿಭಾಗದ ಹಿರಿಯರೊಬ್ಬರಿಗೆ ಸರಿಬರಲಿಲ್ಲ.

“ಇದೇನು ಸರ್ಕಸ್ಸಾ ಮೇಡಂ, ಬನ್ನಿ ಬನ್ನಿ ಅಂತ ಕೂಗೋಕೆ?”

“ಸರ್, ಇದರಲ್ಲಿ ಯಾವ ಸಾಲು ತಪ್ಪು ಹೇಳಿ, ತೆಗೀತೀನಿ.”

ಓದಿದರು. ತಪ್ಪು ಸಿಗಲಿಲ್ಲ. ಒಂದು ಕಡೆ ‘ಸುಮಾರು’ ಸೇರಿಸಿದರು, ಅದು ಬೇಕಾಗಿಯೇ ಇತ್ತು. ಅವರ ಉದ್ದ ಶೀರ್ಷಿಕೆಯನ್ನು ಕೆಳಗೆ ಚಿಕ್ಕ ಅಕ್ಷರದಲ್ಲಿ ಇಟ್ಟೆವು. ಹಾಲ್ ತುಂಬಿ ತುಳುಕಿತು ಅಂತ ಸುಳ್ಳು ಹೇಳಲಾರೆ, ತುಂಬಲಿಲ್ಲ. ಆದರೆ ಪ್ರಶ್ನೆ ಕೇಳಲು ಎದ್ದವರಲ್ಲಿ ಇತಿಹಾಸದ ಒಬ್ಬ ಹುಡುಗ ಇದ್ದ. ಆ ಹಿರಿಯರು ಅವನಿಗೆ ಉತ್ತರ ಹೇಳುತ್ತಾ ಅರ್ಧ ಗಂಟೆ ಬಾಗಿಲಲ್ಲೇ ನಿಂತರು. ದೀಪ ಆರಿಸಲು ನಾನು ಕಾಯಬೇಕಾಯಿತು.

ಇನ್ನು ಗಡಿಯಾರದ ಕಾಟ. ಒಂದು ಕಾರ್ಯಾಗಾರಕ್ಕೆ ‘ಶುಕ್ರವಾರ ರಾತ್ರಿ 12ರೊಳಗೆ ಹೆಸರು ಕೊಡಿ’ ಅಂತ ಹಾಕಿದ್ದೆ. ಅರ್ಧ ಜನ ಗುರುವಾರ ಮುಗಿದು ಶುಕ್ರವಾರ ಶುರುವಾಗುವ ಹೊತ್ತು ಅಂದುಕೊಂಡರು. ಉಳಿದವರು ಶುಕ್ರವಾರ ಮುಗಿಯುವ ಹೊತ್ತು ಅಂದುಕೊಂಡರು. ಇಬ್ಬರೂ ಸರಿಯೇ, ತಪ್ಪು ಬರೆದವಳದ್ದು. ಈಗ ‘ಶುಕ್ರವಾರ ರಾತ್ರಿ 11:59’ ಅಂತ ಬರೆಯುತ್ತೇನೆ. 05/06 ಅಂತಲೂ ಬರೆಯುವುದಿಲ್ಲ. ಅದು ಕೆಲವರಿಗೆ ಜೂನ್ 5, ಕೆಲವರಿಗೆ ಮೇ 6. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುವುದು, ಪಕ್ಕದಲ್ಲಿ ವಾರ. ವಾರ ಬರೆದರೆ ಇನ್ನೊಂದು ಲಾಭ ಇದೆ. ದಿನಾಂಕ ತಪ್ಪಿದ್ದರೆ ವಾರ ಹೊಂದುವುದಿಲ್ಲ, ಯಾರೋ ಒಬ್ಬರು ಫೋನ್ ಮಾಡಿಯೇ ಮಾಡುತ್ತಾರೆ.

ಆನ್‌ಲೈನ್ ಉಪನ್ಯಾಸದಲ್ಲಿ ನಾನು ಬಿದ್ದ ಗುಂಡಿ ಇದಕ್ಕಿಂತ ಆಳದ್ದು. ಅಮೆರಿಕದಲ್ಲಿರುವ ಒಬ್ಬರು ತಮ್ಮ ಬೆಳಿಗ್ಗೆ 9ಕ್ಕೆ ಮಾತಾಡುತ್ತೇನೆ ಅಂದರು. ಫೆಬ್ರವರಿಯಲ್ಲಿ ಕೂತು ನಮ್ಮ ಸಮಯಕ್ಕೆ ಲೆಕ್ಕ ಹಾಕಿ ಪೋಸ್ಟರ್ ಮಾಡಿಸಿದೆ. ಉಪನ್ಯಾಸ ಇದ್ದದ್ದು ಮಾರ್ಚ್ ಮೂರನೇ ವಾರ. ಅಮೆರಿಕದ ಬಹುಪಾಲು ಕಡೆ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುತ್ತಾರೆ. ನಮ್ಮಲ್ಲಿ ಹಾಗೆ ಹಾಕುವುದಿಲ್ಲ. ಪಾಪ, ಆ ಮನುಷ್ಯ ಒಂದು ಗಂಟೆ ಮೊದಲೇ ಬಂದು ಖಾಲಿ ಪರದೆ ನೋಡುತ್ತಾ ಕೂತಿದ್ದು, ಸಾಕಾಗಿ ಎದ್ದು ಹೋಗಿದ್ದರು. ನಾವು ನೂರು ಜನರನ್ನು ಕೂರಿಸಿಕೊಂಡು ಅವರಿಗೆ ಫೋನ್ ಮೇಲೆ ಫೋನ್. ಯುರೋಪಿನವರು ಮುಂದೆ ಹಾಕುವುದು ಮಾರ್ಚ್ ಕೊನೆಯ ಭಾನುವಾರ. ಹಾಗಾಗಿ ಮಧ್ಯದ ಎರಡು ಮೂರು ವಾರ ಅಮೆರಿಕ ಮತ್ತು ಯುರೋಪಿನ ನಡುವಿನ ಅಂತರವೂ ಬೇರೆ ಇರುತ್ತದೆ. ಆ ವಾರಗಳಲ್ಲಿ ಮೂರು ಕಡೆಯವರನ್ನು ಒಟ್ಟಿಗೆ ಕೂರಿಸುವ ಕಾರ್ಯಕ್ರಮ ಬಂದರೆ ನಾನು ಈಗಲೂ ಎರಡು ಸಲ ಲೆಕ್ಕ ಹಾಕಿ, ಮೂರನೇ ಸಲ ಬೇರೆಯವರಿಂದ ಹಾಕಿಸುತ್ತೇನೆ.

ಮಾರ್ಚ್ ಬಂದರೆ ದಿನಾಚರಣೆಗಳ ಜಾತ್ರೆಯೂ ಶುರು. ಮಾರ್ಚ್ 14 ಗಣಿತ ದಿನ, ಮಾರ್ಚ್ 21 ಕಾವ್ಯ ದಿನ, ಮಾರ್ಚ್ 27 ರಂಗಭೂಮಿ ದಿನ, ಏಪ್ರಿಲ್ 23 ಪುಸ್ತಕ ದಿನ, ಏಪ್ರಿಲ್ 29 ನೃತ್ಯ ದಿನ, ಅದರ ಮಾರನೇ ದಿನವೇ ಜಾಝ್ ದಿನ. ಪ್ರತಿಯೊಂದು ವಿಭಾಗಕ್ಕೂ ಅವರದೇ ದಿನ ಆ ದಿನವೇ ಆಗಬೇಕು, ಸಂಜೆ ಐದಕ್ಕೇ ಆಗಬೇಕು, ದೊಡ್ಡ ಹಾಲ್‌ನಲ್ಲೇ ಆಗಬೇಕು. ಪರೀಕ್ಷೆ ಹತ್ತಿರ ಇದ್ದರೆ ಕೇಳುಗರು ಗ್ರಂಥಾಲಯದಲ್ಲಿರುತ್ತಾರೆ. ಒಂದು ದಿನ ಹಿಂದೆ ಮುಂದೆ ಮಾಡಿ ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ಅಂಥವರಿಗೆ ಪುಸ್ತಕ ದಿನದ ಕಥೆ ಹೇಳುತ್ತೇನೆ. 1995ರಲ್ಲಿ ಯುನೆಸ್ಕೋ ಏಪ್ರಿಲ್ 23 ಅಂತ ಆರಿಸಿದ್ದಕ್ಕೆ ಒಂದು ಕಾರಣ ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರ ಸಾವಿಗೂ 1616ರ ಅದೇ ದಿನಾಂಕ ಹೇಳುತ್ತಿದ್ದದ್ದು. ಆದರೆ ಆಗ ಸ್ಪೇನ್‌ನಲ್ಲಿ ಗ್ರೆಗೋರಿಯನ್ ಕ್ಯಾಲೆಂಡರ್, ಇಂಗ್ಲೆಂಡಿನಲ್ಲಿ ಹಳೆಯ ಜೂಲಿಯನ್. ಎರಡಕ್ಕೂ ಹತ್ತು ದಿನದ ವ್ಯತ್ಯಾಸ. ಅಲ್ಲದೆ ಸರ್ವಾಂಟಿಸ್ ತೀರಿಕೊಂಡದ್ದು ಹಿಂದಿನ ದಿನ, 23 ಮಣ್ಣು ಮಾಡಿದ ದಿನ ಅಂತಾರೆ. ಜಗತ್ತೇ ಆಚರಿಸುವ ದಿನಕ್ಕೇ ಹತ್ತು ದಿನದ ಸಡಿಲ ಇದ್ದರೆ, ನಿಮ್ಮ ಕವಿಗೋಷ್ಠಿಯನ್ನು ಬುಧವಾರದಿಂದ ಗುರುವಾರಕ್ಕೆ ಹಾಕಲು ಏನಡ್ಡಿ ಸರ್? ಈ ವಾದ ಎರಡು ಸಲ ಗೆದ್ದಿದೆ, ಒಂದು ಸಲ ಸೋತಿದೆ.

ಪೋಸ್ಟರಿನ ಕ್ಯೂಆರ್ ಕೋಡ್ ಬಗ್ಗೆ ಒಂದೇ ಮಾತು. ಅದರ ಸುತ್ತ ಬಿಳಿ ಅಂಚು ಇರಬೇಕು, ಕೋಡ್‌ನ ನಾಲ್ಕು ಪುಟ್ಟ ಚೌಕದಷ್ಟು ಅಗಲ. ಚೆಂದ ಕಾಣಲಿ ಅಂತ ಅದನ್ನು ಕತ್ತರಿಸಿ ಬಣ್ಣದ ಮೇಲೆ ಕೂರಿಸಿದರೆ ಅರ್ಧ ಫೋನ್‌ಗಳು ಓದುವುದಿಲ್ಲ. ಅಚ್ಚಿಗೆ ಹೋಗುವ ಮೊದಲು ಹಳೆಯ ಫೋನ್ ಒಂದರಲ್ಲಿ ಹಿಡಿದು ನೋಡಿ.

ಸ್ಥಳದ ವಿಷಯದಲ್ಲಿ ನನ್ನ ಗುರು ಗೇಟಿನ ಸೆಕ್ಯುರಿಟಿಯವರು. ನಮ್ಮಲ್ಲಿ ‘ಸೆಮಿನಾರ್ ಹಾಲ್’ ಅಂತ ಕರೆಯುವ ಕೋಣೆಗಳು ನಾಲ್ಕಿವೆ. ಪ್ರತಿ ವಿಭಾಗಕ್ಕೂ ತಮ್ಮದೊಂದೇ ಸೆಮಿನಾರ್ ಹಾಲ್ ಅನ್ನುವ ನಂಬಿಕೆ. ಹೊಸಬರು ಬಂದು ಗೇಟಿನಲ್ಲಿ ಕೇಳುತ್ತಾರೆ. ಅಲ್ಲಿರುವವರಿಗೆ ಪಟ್ಟಿಯೇ ಹೋಗುತ್ತಿರಲಿಲ್ಲ. ಇಮೇಲ್ ಎಲ್ಲರಿಗೂ ಹೋಗುತ್ತಿತ್ತು, ದಾರಿ ಹೇಳುವವರಿಗೆ ಬಿಟ್ಟು! ಈಗ ಸೋಮವಾರದ ಪಟ್ಟಿಯ ಒಂದು ಪ್ರತಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ನಾನೇ ಗೇಟಿಗೆ ಕೊಟ್ಟು ಬರುತ್ತೇನೆ. ಕೊಡಲು ಹೋದಾಗಲೆಲ್ಲ ಏನಾದರೂ ಹೊಸದು ತಿಳಿಯುತ್ತದೆ. ಯಾವ ಹಾಲ್‌ನ ಫ್ಯಾನ್ ಕೆಟ್ಟಿದೆ, ಯಾವ ರಸ್ತೆ ಅಗೆದಿದ್ದಾರೆ, ಇಂಥದ್ದು.

ಇಷ್ಟೆಲ್ಲ ಆದ ಮೇಲೆ, ಈಗ ಪಟ್ಟಿ ಸರಿಯಾಗಿದೆ ಅಂತ ನನಗೆ ಸ್ವಲ್ಪ ಜಂಬವೂ ಬಂದಿತ್ತು. ಆಗ ಒಂದು ಫೋನ್ ಬಂತು. ಸಂಜೆಯ ನಾಟಕದ ಬಗ್ಗೆ.

“‘ಯಾರು ಬೇಕಾದರೂ ಬರಬಹುದು’ ಅಂತ ಹಾಕಿದ್ದೀರಲ್ಲ ಮೇಡಂ. ಮೆಟ್ಟಿಲು ಎಷ್ಟಿದೆ?”

ಕೇಳಿದವರು ಗಾಲಿಕುರ್ಚಿ ಬಳಸುವವರು. ನನಗೆ ಗೊತ್ತಿರಲಿಲ್ಲ. ಐದು ನಿಮಿಷ ಬಿಟ್ಟು ನಾನೇ ಮಾಡುತ್ತೇನೆ ಅಂತ ಹೇಳಿ ಓಡಿದೆ. ಆ ಹುಡುಗಿ ಕೂತಿದ್ದ ಅದೇ ಮೆಟ್ಟಿಲು. ಎಷ್ಟು ಸಲ ಹತ್ತಿ ಇಳಿದಿದ್ದೇನೆ, ಒಳಗಿನ ಕುರ್ಚಿ ಎಣಿಸಿದ್ದೇನೆ, ಇವನ್ನು ಎಣಿಸಿರಲಿಲ್ಲ. ಹನ್ನೊಂದು. ಇಳಿಜಾರು ದಾರಿ ಇದೆಯೇ ಅಂತ ಹುಡುಕಿದೆ, ಹಿಂಭಾಗದಲ್ಲಿ ಇತ್ತು. ನಾಟಕ ಆರೂವರೆಗೆ. ಗೇಟಿಗೆ ಹೋಗಿ ಕೇಳಿದೆ.

“ಹಿಂದಿನ ಬಾಗಿಲು ಆರಕ್ಕೆ ಬೀಗ ಹಾಕ್ತೀವಿ ಮೇಡಂ. ಯಾವಾಗ್ಲೂ ಹಂಗೇ.”

ಅಂದರೆ ಇಷ್ಟು ದಿನ ಸಂಜೆ ಆರರ ಮೇಲಿನ ಪ್ರತಿಯೊಂದು ಕಾರ್ಯಕ್ರಮಕ್ಕೂ ನಾನು ಬರೆದ ಮೊದಲ ಸಾಲು ಸುಳ್ಳು.

ಅವತ್ತು ಬಾಗಿಲು ತೆಗೆಸಿದೆವು, ಅವರು ಬಂದರು, ನಾಟಕ ನೋಡಿದರು. ನಾಟಕ ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ಹೋಗುವಾಗ ನಗುತ್ತಾ ಹೇಳಿದರು. ನಿಜ, ಚೆನ್ನಾಗಿರಲಿಲ್ಲ. ಈಗ ಪಟ್ಟಿಯಲ್ಲಿ ಸ್ಥಳದ ಪಕ್ಕ ಇನ್ನೊಂದು ಸಾಲು ಇರುತ್ತದೆ: ‘ಮುಂದೆ 11 ಮೆಟ್ಟಿಲು, ಇಳಿಜಾರು ದಾರಿ ಹಿಂದೆ.’ ಬೀಗದ ನಿಯಮ ಬದಲಿಸಲು ಅರ್ಜಿ ಕೊಟ್ಟಿದ್ದೇನೆ, ಅದು ಯಾವುದೋ ಮೇಜಿನ ಮೇಲಿದೆ. ಅಲ್ಲಿಯ ತನಕ, ಸಂಜೆ ಕಾರ್ಯಕ್ರಮ ಇರುವ ದಿನ ಐದೂಮುಕ್ಕಾಲಿಗೆ ನನ್ನ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ಗೇಟಿಗೆ ಫೋನ್ ಮಾಡುತ್ತೇನೆ. ಈಚೆಗೆ ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳುತ್ತಾರೆ, “ತೆಗೆದೇ ಇದೆ ಮೇಡಂ.”