ಕೊನೇಲಿ ಮುಟ್ಟಿದ್ದು ಯಾರು?

ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ಮುಂಚೆ ನಮ್ಮ ಮ್ಯಾನೇಜರ್ ಈ ಪ್ರಶ್ನೆಯನ್ನು ಮೂರು ಸಲ ಕೇಳಿದರು. ಮೂರು ಸಲವೂ ಉತ್ತರ ಕೊಟ್ಟವನು ಒಬ್ಬನೇ. ಹಾವೇರಿ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಏಳು ತಿಂಗಳಾಗಿದೆ. "ಡಿಪ್ಲಾಯ್ ಮಾಡಿದ್ದು ನಾನಾ ರೀ ಸರ್. ಆದ್ರ ಡೇಟಾಬೇಸ್ ಕಡೆ ನಾ ಏನೂ ಮುಟ್ಟಿಲ್ರೀ."

ಮೊದಲ ಸಲ ಧೈರ್ಯವಾಗಿ ಹೇಳಿದ. ಎರಡನೇ ಸಲ ಸ್ವಲ್ಪ ಜೋರಾಗಿ. ಮೂರನೇ ಸಲ ಅವನಿಗೇ ಅನುಮಾನ ಬಂದ ಹಾಗಿತ್ತು. ಆ ಮೂರನೇ ದನಿ ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ.

ಆಗಿದ್ದು ಇಷ್ಟು. ನಮ್ಮದು ಅಂಗಡಿಗಳು ಬಿಲ್ ಹಾಕುವ ಸಾಫ್ಟ್‌ವೇರ್. ಅದರ ಬಿಲ್ಲಿನ ಪುಟದಲ್ಲಿದ್ದ ಒಂದು ಕಾಗುಣಿತ ತಪ್ಪು ತಿದ್ದಿ, ಅವನು 11:20ಕ್ಕೆ ಹೊಸ ವರ್ಷನ್ ಬಿಟ್ಟ, ಅಂದರೆ ಡಿಪ್ಲಾಯ್ ಮಾಡಿದ. ಕುಬರ್ನೆಟಿಸ್ ಅನ್ನೋದು ನಮ್ಮ ಪ್ರೋಗ್ರಾಂ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ, ಪಾಡ್ ಅಂದರೆ ಓಡುತ್ತಿರುವ ಪ್ರೋಗ್ರಾಂನ ಒಂದೊಂದು ಪ್ರತಿ. ಅದು ಹಳೆಯ ಪಾಡ್‌ಗಳನ್ನು ಒಂದೊಂದಾಗಿ ತೆಗೆದು ಹೊಸದನ್ನು ಕೂರಿಸಿತು. ಡ್ಯಾಶ್‌ಬೋರ್ಡ್ ತುಂಬಾ ಹಸಿರು. ಹೊಸ ಪಾಡ್ ಕೆಲಸಕ್ಕೆ ಸಿದ್ಧವಾ ಅಂತ ನೋಡುವ ನಮ್ಮ ರೆಡಿನೆಸ್ ಚೆಕ್ ಎಂಥದ್ದು ಅಂದರೆ, ಪೋರ್ಟ್, ಅಂದರೆ ಪ್ರೋಗ್ರಾಂ ಕರೆ ತಗೊಳ್ಳುವ ಬಾಗಿಲು, ತೆರೆದಿದೆಯಾ ಅಂತ ಮಾತ್ರ ನೋಡುತ್ತೆ, ಡೇಟಾಬೇಸ್ ಸಿಗ್ತಾ ಇದೆಯಾ ಅಂತ ವಿಚಾರಿಸೋದಿಲ್ಲ. ಒಂಥರಾ ಅಂಗಡಿ ಷಟರ್ ಮೇಲೆತ್ತಿದೆ, ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾತ್ರ ಯಾರ ಹತ್ತಿರವೂ ಇಲ್ಲ. ಐದು ನಿಮಿಷದಲ್ಲಿ ಬಿಲ್ ಹಾಕಲು ಹೋದವರಿಗೆಲ್ಲ 500 ಎರರ್, ಸರ್ವರ್ ಒಳಗೇ ಏನೋ ಕೆಟ್ಟಿದೆ ಅನ್ನುವ ಸಂದೇಶ. ಆರನೇ ನಿಮಿಷಕ್ಕೆ ಕಾಲ್ ಶುರು. ಹದಿನಾಲ್ಕು ಜನ ಸೇರಿಕೊಂಡರು. ಅದರಲ್ಲಿ ಕೆಲಸ ಮಾಡುವವರು ನಾಲ್ಕು ಜನ ಇದ್ದರೆ ಹೆಚ್ಚು.

ಪ್ರೋಗ್ರಾಂ ತನ್ನ ಕೆಲಸದ ದಾಖಲೆ ಬರೆದಿಡುವ ಲಾಗ್ ತೆಗೆದರೆ ಒಂದೇ ಸಾಲು, ನೂರಾರು ಸಲ. ಇಂಥ ಯೂಸರ್‌ಗೆ ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಹೊರಗಿನವರಿಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಆ ಹೆಸರಿನ ಯೂಸರ್ ಇಲ್ಲವೇ ಇಲ್ಲ ಅಂದರೂ ಇದೇ ಉತ್ತರ, ಪಾಸ್‌ವರ್ಡ್ ತಪ್ಪಿದ್ದರೂ ಇದೇ ಉತ್ತರ. ಕದಿಯಲು ಬಂದವನಿಗೆ ಸುಳಿವು ಸಿಗಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ನಿಜವಾದ ಕಾರಣ ಸರ್ವರ್ ಒಳಗಿನ ಲಾಗ್‌ನಲ್ಲಿರುತ್ತೆ. ಅದನ್ನು ನೋಡುವ ಅನುಮತಿ ನಮ್ಮಲ್ಲಿ ಇಬ್ಬರಿಗೆ. ಒಬ್ಬರು ರಜೆ, ಇನ್ನೊಬ್ಬರು ವಿಮಾನದಲ್ಲಿ.

"ಕ್ಲೌಡೇ ಡೌನ್ ಆಗಿದೆಯಾ ನೋಡ್ರಪ್ಪ" ಅಂದರು ಮ್ಯಾನೇಜರ್. ಒಳ್ಳೆಯ ಮನುಷ್ಯ. ಮಕ್ಕಳ ಫೀಸಿಗೆ ಕಷ್ಟ ಅಂದರೆ ಜೇಬಿಂದ ಕೊಟ್ಟಿದ್ದೂ ಉಂಟು. ಆದರೆ ಕಾಲ್‌ನಲ್ಲಿ ಕೂತರೆ ಅವರೊಳಗಿನ ಹೆಡ್‌ಮಾಸ್ಟರ್ ಎದ್ದು ನಿಲ್ಲುತ್ತಾರೆ. ನೆಟ್‌ವರ್ಕ್ ತಂಡದ ಇಬ್ಬರನ್ನು ಎಳೆದು ತಂದರು. ಅವರು ಪಾಪ, ಯಾರು ಒಳಗೆ ಬರಬಹುದು ಅಂತ ನಿರ್ಧರಿಸುವ ಸೆಕ್ಯುರಿಟಿ ಗ್ರೂಪ್ ನೋಡಿದರು, ಪೋರ್ಟ್ 5432 ತೆರೆದಿದೆಯಾ ನೋಡಿದರು, ಡಿಎನ್‌ಎಸ್ ಸರಿಯಾದ ವಿಳಾಸ ಕೊಡ್ತಿದೆಯಾ ಅಂತಲೂ ನೋಡಿದರು. ಇಪ್ಪತ್ತು ನಿಮಿಷ ಹೋಯಿತು.

ಇದು ನನಗೆ ಯಾವಾಗಲೂ ಸಿಟ್ಟು ತರಿಸುವ ವಿಷಯ. ಎರರ್ ಬಂದಿದೆ ಅಂತ ಹೇಳುವವರು ಬಹಳ ಜನ, ಅದನ್ನು ಓದುವವರು ಕಡಿಮೆ. ಮನೆ ಮುಂದೆ ನಿಂತು ಬೆಲ್ ಒತ್ತಿದಿರಿ ಅಂದುಕೊಳ್ಳಿ. ಯಾರೂ ಮಾತಾಡುವುದಿಲ್ಲ, ಕಾದು ಕಾದು ವಾಪಸ್ ಬರುತ್ತೀರಿ. ಅದು ಟೈಮ್‌ಔಟ್. ಹೆಚ್ಚಾಗಿ ನಡುವೆ ಯಾವುದೋ ಫೈರ್‌ವಾಲ್ ನಿಮ್ಮ ಕರೆಯನ್ನು ಸದ್ದಿಲ್ಲದೆ ನುಂಗಿರುತ್ತೆ. ಬೆಲ್ ಒತ್ತಿದ ತಕ್ಷಣ "ಇಲ್ಲಿ ಅಂಥವರು ಯಾರೂ ಇಲ್ಲ, ನಡೀರಿ" ಅಂದರೆ ಅದು ಕನೆಕ್ಷನ್ ರೆಫ್ಯೂಸ್ಡ್. ಯಂತ್ರದ ತನಕ ತಲುಪಿದ್ದೀರಿ, ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ. ಬಾಗಿಲು ತೆಗೆದು, ಮುಖ ನೋಡಿ, "ನೀನು ಯಾರೋ ಗೊತ್ತಾಗ್ಲಿಲ್ಲ" ಅಂದರೆ? ಅಷ್ಟು ಹೊತ್ತಿಗೆ ದಾರಿ, ಗೇಟು, ಮನೆ ನಂಬರ್ ಎಲ್ಲಾ ಸರಿ ಇದೆ ಅಂತಲೇ ಅರ್ಥ ಅಲ್ವಾ? ಡೇಟಾಬೇಸ್ ನಮ್ಮ ಜೊತೆ ಮಾತಾಡುತ್ತಿದೆ. ಮಾತಾಡಿಯೇ ಬೇಡ ಅನ್ನುತ್ತಿದೆ. ಇನ್ನು ರಸ್ತೆ ಅಗೆದು ಏನು ಹುಡುಕುವುದು?

ಇದನ್ನು ನಾನು ಕಾಲ್‌ನಲ್ಲಿ ಹೇಳಿದೆ. ಚೆನ್ನಾಗಿಯೇ ಹೇಳಿದೆ. ನೆಟ್‌ವರ್ಕ್‌ನವರು ಥ್ಯಾಂಕ್ಸ್ ಹೇಳಿ ಹೊರಟರು. ಮ್ಯಾನೇಜರ್, "ಸರಿ ಹಾಗಾದ್ರೆ, ಕೊನೇಲಿ ಮುಟ್ಟಿದ್ದು ಯಾರು?" ಅಂತ ಎರಡನೇ ಸಲ ಕೇಳಿದರು.

ಹುಡುಗ ತಾನೇ ಮುಂದಾಗಿ ಹಿಂದಿನ ವರ್ಷನ್‌ಗೆ ರೋಲ್‌ಬ್ಯಾಕ್ ಮಾಡಿದ. ಎಲ್ಲರೂ ಉಸಿರು ಹಿಡಿದು ಕಾದೆವು. ಹಳೆಯ ವರ್ಷನ್ ಬಂತು. ಅವತ್ತು ಬೆಳಿಗ್ಗೆಯವರೆಗೆ ಚೆನ್ನಾಗಿ ಓಡುತ್ತಿದ್ದ ಅದೇ ವರ್ಷನ್. ಅದೇ ಎರರ್.

ಇಲ್ಲಿ ಒಂದು ಕ್ಷಣ ನಿಲ್ಲಬೇಕಿತ್ತು. ಅವನ ಬದಲಾವಣೆ ತೆಗೆದುಹಾಕಿದ ಮೇಲೂ ತಪ್ಪು ಉಳಿದಿದೆ ಅಂದರೆ ತಪ್ಪು ಅವನ ಬದಲಾವಣೆಯದ್ದಲ್ಲ. ಹತ್ತನೇ ಕ್ಲಾಸಿನ ಹುಡುಗಿಗೂ ಹೊಳೆಯುವ ಮಾತು. ಆದರೂ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಯಾಕೆಂದರೆ ಆ ಹೊತ್ತಿಗೆ ನನಗೆ ಗುರುವಾರ ನೆನಪಾಗಿತ್ತು.

ನಮ್ಮಲ್ಲಿ 90 ದಿನಕ್ಕೊಮ್ಮೆ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಬೇಕು. ಅದಕ್ಕೆ ಅಂತಲೇ ಎರಡು ಯೂಸರ್ ಇಟ್ಟಿದ್ದೀವಿ, ಒಂದು ಸಲ ಇದು, ಇನ್ನೊಂದು ಸಲ ಅದು. ಕಳೆದ ಗುರುವಾರ ಸಂಜೆ ನಾನು ಎರಡನೇ ಯೂಸರ್‌ಗೆ ಹೊಸ ಪಾಸ್‌ವರ್ಡ್ ಕೊಟ್ಟು, ಅದನ್ನು ಗುಟ್ಟಿನ ಮಾಹಿತಿ ಇಡುವ ಜಾಗವಾದ ಕುಬರ್ನೆಟಿಸ್ ಸೀಕ್ರೆಟ್‌ನಲ್ಲಿ ಹಾಕಿದ್ದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ, ಅಂದರೆ ಶುರುವಿನಲ್ಲೇ ಪ್ರೋಗ್ರಾಂ ಕೈಗೆ ಕೊಡುವ ಚೀಟಿಯ ಹಾಗೆ, ಕೊಟ್ಟ ಸೀಕ್ರೆಟ್ಟನ್ನು ಪಾಡ್ ಶುರುವಾಗುವಾಗ ಒಮ್ಮೆ ಓದಿಕೊಳ್ಳುತ್ತೆ, ಅಷ್ಟೇ. ಆಮೇಲೆ ನೀವು ಸೀಕ್ರೆಟ್ಟನ್ನು ತಲೆಕೆಳಗು ಮಾಡಿದರೂ ಓಡುತ್ತಿರುವ ಪಾಡ್‌ಗೆ ಗೊತ್ತಾಗಲ್ಲ. ಅದು ಹಳೆಯ ಯೂಸರ್ ಹಿಡಿದುಕೊಂಡು ಆರಾಮಾಗಿ ಓಡುತ್ತಿರುತ್ತೆ. ಪಾಡ್‌ಗಳನ್ನು ಅಂದೇ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಬೇಕಿತ್ತು. ಗಂಟೆ ಆರಾಗಿತ್ತು, ಮಳೆ ಬರುವ ಹಾಗಿತ್ತು, ಸಿಲ್ಕ್ ಬೋರ್ಡ್ ಟ್ರಾಫಿಕ್ ನೆನಪಾಯಿತು. ಮುಂದಿನ ಡಿಪ್ಲಾಯ್‌ನಲ್ಲಿ ತಾನಾಗೇ ತಗೊಳ್ಳುತ್ತೆ ಬಿಡು ಅಂತ ಎದ್ದೆ.

ಮುಂದಿನ ಡಿಪ್ಲಾಯ್ ಈ ಹುಡುಗನದ್ದಾಗಿತ್ತು. ಐದು ದಿನ ಆದ ಮೇಲೆ.

ಆದರೆ ನಾನು ಟೆಸ್ಟ್ ಮಾಡಿದ್ದೆನಲ್ಲ, ಅಂತ ನನಗೆ ನಾನೇ ಹೇಳಿಕೊಂಡೆ. ಹೊಸ ಪಾಸ್‌ವರ್ಡ್ ಕಾಪಿ ಮಾಡಿ ನನ್ನ ಲ್ಯಾಪ್‌ಟಾಪಿನಿಂದ ಡೇಟಾಬೇಸ್‌ಗೆ ಹೋಗಿ ಬಂದಿದ್ದೆ. ಸರಿಯಾಗಿಯೇ ಇತ್ತು. ತಪ್ಪು ನನ್ನದಿರಲಿಕ್ಕಿಲ್ಲ, ಬೇರೇನೋ ಇರಬೇಕು. ಹೀಗೆ ಅಂದುಕೊಳ್ಳುತ್ತಾ ಹತ್ತು ನಿಮಿಷ ಮ್ಯೂಟ್‌ನಲ್ಲಿ ಕೂತಿದ್ದೆ. ಆ ಹತ್ತು ನಿಮಿಷದಲ್ಲೇ ಮೂರನೇ ಸಲದ ಪ್ರಶ್ನೆ ಬಂದಿದ್ದು.

ನಮ್ಮಜ್ಜಿ ನೆನಪಾಗುತ್ತಾರೆ. ಸಾಗರದ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಅಟ್ಟದ ಮೇಲಿರುತ್ತಿತ್ತು. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಮುಚ್ಚಳ. ಒಂದು ವರ್ಷ ಬಟ್ಟೆ ಬಿಚ್ಚಿ ನೋಡಿದರೆ ಮೇಲೆಲ್ಲ ಬಿಳಿ ಬೂಷ್ಟು. ಬಿಚ್ಚಿದ್ದು ನಾನು. ಕೂಗಿ ಹೇಳಿದ್ದೂ ನಾನೇ. "ಭರಣಿ ಮುಟ್ಟಿದ್ದು ಯಾರೇ?" ಅಂತ ಅಜ್ಜಿ ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು, ಭರಣಿ ನನ್ನ ಕೈಯಲ್ಲೇ ಇತ್ತಲ್ಲ. ಬೂಷ್ಟು ಹಿಡಿಯಲು ಎಷ್ಟೋ ದಿನ ಬೇಕು. ಯಾರೋ ಯಾವತ್ತೋ ಒದ್ದೆ ಚಮಚ ಹಾಕಿದ್ದರು. ಹಾಕಿದವರು ಅವತ್ತು ಊಟ ಮಾಡಿ, ಬಾಯಿ ಚಪ್ಪರಿಸಿ, ಎದ್ದು ಹೋಗಿದ್ದರು. ಅಜ್ಜಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಸಿಟ್ಟು ಬಂದಾಗ ಕಣ್ಣೆದುರಿಗಿದ್ದವರೇ ಸುಲಭವಾಗಿ ಸಿಗುವುದು.

2020ರ ಡಿಸೆಂಬರ್ 14ರ ಸಂಜೆ ಜಿಮೇಲ್, ಯೂಟ್ಯೂಬ್ ಎಲ್ಲಾ ಮುಕ್ಕಾಲು ಗಂಟೆ ನಿಂತಿದ್ದು ನೆನಪಿದೆಯಾ? ಲಾಗಿನ್ ಆಗದೆ ಇನ್‌ಕಾಗ್ನಿಟೊದಲ್ಲಿ ನೋಡಿದರೆ ಯೂಟ್ಯೂಬ್ ಓಡುತ್ತಿತ್ತು. ಸರ್ವರ್‌ಗಳೆಲ್ಲ ಚೆನ್ನಾಗಿಯೇ ಇದ್ದವು, ಬಂದವರು ಯಾರು ಅಂತ ಗುರುತು ಹಿಡಿಯುವ ವ್ಯವಸ್ಥೆ ಮಾತ್ರ ಕೈಕೊಟ್ಟಿತ್ತು. ಗೂಗಲ್ ಆಮೇಲೆ ಕಾರಣ ಬರೆಯಿತು. ಯಾವ ಸೇವೆಗೆ ಎಷ್ಟು ಜಾಗ ಅಂತ ಕೋಟಾ ಲೆಕ್ಕ ಇಡುವ ಹೊಸ ವ್ಯವಸ್ಥೆಗೆ ಆ ಗುರುತಿನ ಸೇವೆಯನ್ನು ಅಕ್ಟೋಬರ್‌ನಲ್ಲಿ ಸೇರಿಸಿದ್ದರು. ಹಳೆಯದರ ಚೂರು ಅಲ್ಲೇ ಉಳಿದು, ಬಳಕೆ ಸೊನ್ನೆ ಅಂತ ತಪ್ಪು ವರದಿ ಕೊಡುತ್ತಿತ್ತು. ಒಂದಷ್ಟು ಕಾಲದ ವಿನಾಯಿತಿ ಇದ್ದದ್ದರಿಂದ ಯಾರಿಗೂ ಬಿಸಿ ತಟ್ಟಲಿಲ್ಲ. ಅದು ಮುಗಿದದ್ದು ಡಿಸೆಂಬರ್‌ನಲ್ಲಿ. ಬಳಕೆಯೇ ಇಲ್ಲ ಅಂತ ಕೋಟಾ ಕಡಿತವಾಗಿ ಆ ಸೇವೆ ಕೈಕೊಟ್ಟಿತು. ಎರಡು ತಿಂಗಳ ಹಿಂದಿನ ಒದ್ದೆ ಚಮಚ. ಅವತ್ತು ಡ್ಯೂಟಿಯಲ್ಲಿದ್ದವರನ್ನು ಯಾರಾದರೂ "ಕೊನೇಲಿ ಮುಟ್ಟಿದ್ದು ಯಾರು" ಅಂತ ಕೇಳಿರಬಹುದಾ ಅಂತ ಈ ವಾರ ಸುಮ್ನೆ ಯೋಚನೆ ಬಂತು.

ನಮ್ಮ ಕಥೆಗೆ ಬರುತ್ತೇನೆ. ಮೂರನೇ ಸಲ ಉತ್ತರ ಕೊಟ್ಟ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಸ್ಕ್ರೀನ್ ಶೇರ್ ಮಾಡಿ, "ಅಕ್ಕಾರ, ಇಲ್ಲೊಂದು ನೋಡ್ರಿ" ಅಂದ. ಪ್ರೊಡಕ್ಷನ್ ಪಾಸ್‌ವರ್ಡ್ ಹದಿನಾಲ್ಕು ಜನರ ಮುಂದೆ ತೆರೆಯುವುದು ನಿಯಮಕ್ಕೆ ವಿರುದ್ಧ, ಆದರೆ ಅಷ್ಟು ಹೊತ್ತಿಗೆ ಯಾರಿಗೂ ನಿಯಮ ಬೇಕಿರಲಿಲ್ಲ. ಅವನು ಬೇಸ್64 ಅನ್ನುವ ಸಂಕೇತ ರೂಪದಲ್ಲಿರುವ, ಬೇರೆ ಒಂದು ಸೇವೆಯ ಸೀಕ್ರೆಟ್ಟನ್ನು ಡಿಕೋಡ್ ಮಾಡಿದ, ಅಂದರೆ ಬಿಡಿಸಿ ತೋರಿಸಿದ. ಪಾಸ್‌ವರ್ಡ್ ಬಂತು, ಅದರ ಬಾಲಕ್ಕೇ ಅಂಟಿಕೊಂಡು ಮುಂದಿನ ಕಮಾಂಡಿಗೆ ಕಾಯುವ ಟರ್ಮಿನಲ್ಲಿನ ಡಾಲರ್ ಚಿಹ್ನೆ. ನೋಡಲು ಅಸಹ್ಯ. ಆಮೇಲೆ ನಮ್ಮದನ್ನು ಡಿಕೋಡ್ ಮಾಡಿದ. ಪಾಸ್‌ವರ್ಡ್ ಒಂದು ಸಾಲಿನಲ್ಲಿ, ಡಾಲರ್ ಚಿಹ್ನೆ ಕೆಳಗಿನ ಸಾಲಿನಲ್ಲಿ. ಅಚ್ಚುಕಟ್ಟು.

"ಇದ್ಯಾಕ ಇಷ್ಟು ನೀಟಾಗಿ ಬಂತ್ರೀ?"

ಕಾಲ್‌ನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನನಗೆ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಪಾಸ್‌ವರ್ಡನ್ನು ಸೀಕ್ರೆಟ್‌ಗೆ ಹಾಕಲು ನಾನು ಬಳಸಿದ್ದ ಎಕೋ ಕಮಾಂಡ್ ತಾನು ಬರೆದದ್ದರ ಕೊನೆಗೆ ಕೇಳದೆಯೇ ಒಂದು ನ್ಯೂಲೈನ್, ಅಂದರೆ ಮುಂದಿನ ಸಾಲಿಗೆ ಹೋಗು ಅನ್ನುವ ಅಕ್ಷರ, ಸೇರಿಸುತ್ತೆ. ಬೇಡ ಅಂದರೆ ಮೈನಸ್ ಎನ್ ಅಂತ ಹೇಳಬೇಕು. ಗುರುವಾರ ನಾನು ಹೇಳಿರಲಿಲ್ಲ. ಪಾಸ್‌ವರ್ಡ್ 20 ಅಕ್ಷರ, ಸೀಕ್ರೆಟ್‌ಗೆ ಹೋಗಿದ್ದು 21. ಆ ಇಪ್ಪತ್ತೊಂದನೆಯದು ಕಣ್ಣಿಗೆ ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನಾನು ಟೆಸ್ಟ್ ಮಾಡಿದಾಗ ಕಾಪಿ ಮಾಡಿದ್ದು ಕಾಣುವ ಇಪ್ಪತ್ತನ್ನು ಮಾತ್ರ. ಬೇಸ್64 ರೂಪದಲ್ಲಿ ನೋಡಿದ್ದರೂ ಗೊತ್ತಾಗುತ್ತಿತ್ತು. ಕೊನೆಗೆ ನ್ಯೂಲೈನ್ ಸೇರಿದ್ದರೆ ಅದು ಮೂರೇ ರೀತಿ ಮುಗಿಯಲು ಸಾಧ್ಯ: ದೊಡ್ಡ ಕೆ, ಇಲ್ಲ ಚಿಕ್ಕ ಒ ಮತ್ತು ಒಂದು ಸಮ ಚಿಹ್ನೆ, ಇಲ್ಲ ದೊಡ್ಡ ಸಿ ಚಿಕ್ಕ ಜಿ ಮತ್ತು ಎರಡು ಸಮ ಚಿಹ್ನೆ. ನಮ್ಮದು ಕೆ. ಇದನ್ನೆಲ್ಲ ಹೋದ ವರ್ಷ ಹೊಸ ಬ್ಯಾಚಿನವರಿಗೆ ಪಾಠ ಮಾಡಿದವಳು ನಾನು. ಸ್ಲೈಡ್ ಕೂಡ ಇದೆ.

ಮ್ಯೂಟ್ ತೆಗೆದೆ. ನಾನು ಹೇಳಿದ ವಾಕ್ಯ ಇದು: "ಗುರುವಾರ ಸೀಕ್ರೆಟ್ ಬದಲಾಗಿತ್ತು, ಅದರಲ್ಲಿ ಒಂದು ನ್ಯೂಲೈನ್ ಸೇರಿಕೊಂಡಿದೆ ಅನ್ಸುತ್ತೆ."

ಬದಲಾಗಿತ್ತು. ಸೇರಿಕೊಂಡಿದೆ. ಕಾಲು ಬಂದು ತಾನೇ ನಡೆದು ಹೋಗಿ ಬದಲಾದ ಹಾಗೆ. ಬದಲಿಸಿದ್ದೆ, ಸೇರಿಸಿದ್ದೆ ಅನ್ನಲು ಒಂದೆರಡು ಅಕ್ಷರ ಆಚೀಚೆ ಮಾಡಿದರೆ ಸಾಕಿತ್ತು. ನಮ್ಮ ಭಾಷೆಯಲ್ಲಿ ಕ್ರಿಯಾಪದವೇ ಮಾಡಿದವರು ಯಾರು ಅಂತ ಹೇಳಿಬಿಡುತ್ತೆ, ಅದಕ್ಕೇ ಇರಬೇಕು, ನಾಲಿಗೆ ಪಕ್ಕಕ್ಕೆ ಜಾರಿಕೊಂಡಿತು.

"ಓ, ಕಾನ್ಫಿಗ್ ಇಶ್ಯೂನಾ? ಸರಿ ಸರಿ, ಬೇಗ ಮಾಡಿ" ಅಂದರು ಮ್ಯಾನೇಜರ್. ಸೀಕ್ರೆಟ್ ಸರಿ ಮಾಡಿ, ಪಾಡ್ ರೀಸ್ಟಾರ್ಟ್ ಮಾಡಿದೆ. 12:12ಕ್ಕೆ ಎಲ್ಲಾ ಸರಿ. ಒಟ್ಟು 52 ನಿಮಿಷ. ಹದಿಮೂರು ಜನ ಥಂಬ್ಸ್ ಅಪ್ ಒತ್ತಿದರು. ನಾಲ್ಕನೇ ಸಲ ಆ ಪ್ರಶ್ನೆ ಬರಲೇ ಇಲ್ಲ. ಉತ್ತರ ನಿಜವಾಗಿ ಸಿಗುವ ಹೊತ್ತಿಗೆ ಯಾರೂ ಕೇಳಲಿಲ್ಲ. ನನಗೆ ಹನ್ನೊಂದು ವರ್ಷದ ಅನುಭವ, ಅವನಿಗೆ ಏಳು ತಿಂಗಳು. ಅಷ್ಟೇ ವ್ಯತ್ಯಾಸ.

ಇಂಥದ್ದು ಆದ ಮೇಲೆ ಏನಾಯಿತು, ಯಾಕಾಯಿತು ಅಂತ ಪೋಸ್ಟ್‌ಮಾರ್ಟಮ್ ಬರೆಯಬೇಕು. ಬ್ಲೇಮ್‌ಲೆಸ್ ಅಂತ ಅದಕ್ಕೆ ವಿಶೇಷಣ ಬೇರೆ. ಯಾರ ಹೆಸರನ್ನೂ ಹಾಕಬಾರದು, ವ್ಯವಸ್ಥೆಯಲ್ಲಿ ಎಲ್ಲಿ ತೂತು ಅಂತ ಹುಡುಕಬೇಕು. ಒಳ್ಳೆಯ ಪದ್ಧತಿಯೇ, ನಾನೇ ಎಷ್ಟೋ ಸಲ ಅದರ ಪರ ವಾದ ಮಾಡಿದ್ದೇನೆ. ರೆಡಿನೆಸ್ ಚೆಕ್ ಡೇಟಾಬೇಸನ್ನೂ ನೋಡಿದ್ದರೆ ಹಳೆಯ ಪಾಡ್‌ಗಳು ಉಳಿದು, ಯಾವ ಅಂಗಡಿಯವರಿಗೂ ತೊಂದರೆ ಆಗುತ್ತಿರಲಿಲ್ಲ, ಅದೂ ನಿಜ. ಅದನ್ನು ಬರೆದೆ. ಆದರೆ ಹೆಸರಿಲ್ಲದ ಆ ಎರಡು ಪುಟ ಬರೆಯುವಾಗ ಕಸಿವಿಸಿಯಾಯಿತು. ಹುಡುಗನ ಪಾಲಿಗೆ ಬ್ಲೇಮ್ ಬರುವಾಗ ಹೆಸರು ಹಿಡಿದೇ ಬಂದಿತ್ತು, ಹದಿನಾಲ್ಕು ಜನರ ಎದುರಿಗೆ, ಮೂರು ಸಲ. ಬ್ಲೇಮ್‌ಲೆಸ್ ಶುರುವಾಗಿದ್ದು ಸರದಿ ನನ್ನದಾದ ಮೇಲೆ.

ಶುಕ್ರವಾರ ಸಂಜೆ ಅವನನ್ನು ಕೆಳಗಿನ ಟೀ ಅಂಗಡಿಗೆ ಕರೆದುಕೊಂಡು ಹೋದೆ. ಅವನಿಗೊಂದು ಟೀ, ನನಗೊಂದು ಕಾಫಿ, ಒಂದು ಪ್ಲೇಟ್ ಬೋಂಡಾ. ಎರಡು ದಿನದಿಂದ ಮನಸ್ಸಿನಲ್ಲೇ ಉರು ಹೊಡೆದಿದ್ದ ಮಾತು ಹೇಳಿದೆ. ಗುರುವಾರ ಆ ಸೀಕ್ರೆಟ್ ಬದಲಿಸಿದ್ದು ನಾನು ಕಣೋ.

ಅವನು ಟೀ ಊದುತ್ತಾ ಇದ್ದ. "ಗೊತ್ತೈತ್ರೀ ಅಕ್ಕಾರ. ರೋಲ್‌ಬ್ಯಾಕ್ ಆದ ಮ್ಯಾಲ ಆಡಿಟ್ ಲಾಗ್ ನೋಡಿದ್ನಲ್ಲ, ಅದರಾಗ ನಿಮ್ಮ ಹೆಸರಾ ಇತ್ತು."

ರೋಲ್‌ಬ್ಯಾಕ್ ಆದ ಮೇಲೆ. ಅಂದರೆ ಮೂರನೇ ಸಲ ಕೇಳುವ ಹೊತ್ತಿಗೆ ಅವನಿಗೆ ಗೊತ್ತಿತ್ತು.

"ಮತ್ತೆ ಕಾಲ್‌ನಲ್ಲಿ ಯಾಕೋ ಹೇಳ್ಲಿಲ್ಲ?"

"ನೀವಾ ಹೇಳ್ತೀರಿ ಅನ್ಕೊಂಡಿದ್ದೆ ರೀ" ಅಂದ. ಆಮೇಲೆ ಪ್ಲೇಟನ್ನು ನನ್ನ ಕಡೆ ಸರಿಸಿ, "ಬಿಸಿ ಅದಾವು, ತಗೋರಿ" ಅಂದ.