ಆಯ್ತ್ ಬೆನ್‌ಹದ್ದು: ಘಟ್ಟದಾಚೆಯ ಮಣ್ಣಿನ ಊರು

ಮೊರಾಕ್ಕೊದ ಮರಾಕೆಶ್‌ನಿಂದ ಆಯ್ತ್ ಬೆನ್‌ಹದ್ದು ಸುಮಾರು 180 ಕಿ.ಮೀ. ದೂರಕ್ಕಿಂತ ಅಟ್ಲಾಸ್ ಘಟ್ಟದ ತಿರುವುಗಳೇ ಹೆಚ್ಚು ಸಮಯ ತಿನ್ನುತ್ತವೆ. ನಾಲ್ಕು ಗಂಟೆ ಬೇಕೇ ಬೇಕು. ಶೇರ್ ಟ್ಯಾಕ್ಸಿಯಲ್ಲಿ ಆರು ಜನ ತುಂಬದೆ ಗಾಡಿ ಹೊರಡದು, ಅವಸರವಿದ್ದರೆ ಖಾಲಿ ಸೀಟಿನ ದುಡ್ಡನ್ನೂ ಕೊಟ್ಟುಬಿಡಬೇಕು. ತೀಜಿ ನ್ ತಿಷ್ಕಾ ಕಣಿವೆದಾರಿ 2,260 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಹಿಮ ಬಿದ್ದರೆ ರಸ್ತೆ ಮುಚ್ಚುತ್ತಾರೆ, ಆದ್ದರಿಂದ ಜನವರಿಯಲ್ಲಿ ಹೋಗುವವರು ಒಂದು ದಿನ ಕೈಯಲ್ಲಿಟ್ಟುಕೊಂಡೇ ಹೊರಡಲಿ.

ದಾರಿಯ ಫಲಕಗಳಲ್ಲಿ ಅರಬ್ಬಿ, ಫ್ರೆಂಚ್ ಜೊತೆಗೆ ವೃತ್ತ, ಗೆರೆ, ಚುಕ್ಕಿಗಳ ಇನ್ನೊಂದು ಲಿಪಿ ಕಾಣುತ್ತದೆ. ಅದು ತಿಫಿನಾಘ್, ಇಲ್ಲಿನ ಮೂಲನಿವಾಸಿಗಳ ಭಾಷೆಯ ಲಿಪಿ. ಮೊರಾಕ್ಕೊ ಅದನ್ನು ಅಧಿಕೃತವಾಗಿ ಒಪ್ಪಿದ್ದು 2003ರಲ್ಲಿ. ಆ ಭಾಷೆಗೆ ಸಂವಿಧಾನದಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದು 2011ರಲ್ಲಿ. 'ಬರ್ಬರ್' ಎಂಬುದು ಈ ಜನರಿಗೆ ಹೊರಗಿನವರು ಅಂಟಿಸಿದ ಹೆಸರು. ನಮ್ಮ ಪತ್ರಿಕೆಗಳ 'ಬರ್ಬರ ಹತ್ಯೆ'ಯ ಬರ್ಬರಕ್ಕೂ ಇದಕ್ಕೂ ನಂಟಿದೆ, ಹಾಗಾಗಿ ಈ ಪದ ಅವರಿಗೆ ಹಿಡಿಸದಿರುವುದು ನಮಗೆ ಬೇಗ ಅರ್ಥವಾಗಬೇಕು. ಅವರು ತಮ್ಮನ್ನು ಅಮಾಝಿಘ್ ಎನ್ನುತ್ತಾರೆ, ಬಹುವಚನದಲ್ಲಿ ಇಮಾಝಿಘೆನ್. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದ ಪ್ರವಾಸಿ ಇಬ್ನ್ ಬತೂತ ಕೂಡ ಇದೇ ಜನರ ಲವಾತ ಬುಡಕಟ್ಟಿನವನು.

'ಆಯ್ತ್' ಅಂದರೆ 'ಇಂಥವರ ಮಂದಿ'. ಆಯ್ತ್ ಬೆನ್‌ಹದ್ದು ಕೋಟೆಗೋಡೆಯೊಳಗೆ ಒತ್ತೊತ್ತಾಗಿ ಕಟ್ಟಿದ ಊರು. ಸಹಾರಾ ಮತ್ತು ಮರಾಕೆಶ್ ನಡುವಿನ ಹಿಂದಿನ ವ್ಯಾಪಾರದ ದಾರಿಯಲ್ಲಿದೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಳಗೆ ಈಗ ಬೆರಳೆಣಿಕೆಯ ಕುಟುಂಬಗಳಷ್ಟೇ. ಉಳಿದವರು ಹೊಳೆಯಾಚೆಯ ಹೊಸ ಊರಿಗೆ ಹೋಗಿದ್ದಾರೆ. ಸಿನಿಮಾ ಶೂಟಿಂಗ್ ಕಥೆಗಳನ್ನು ಗೈಡುಗಳು ಬೇಕಾದಷ್ಟು ಹೇಳುತ್ತಾರೆ. ಅದನ್ನು ಬಿಟ್ಟು ಗೋಡೆಯ ಹತ್ತಿರ ನಿಲ್ಲಿ.

ಕಲ್ಲಿನ ತಳಪಾಯದ ಮೇಲೆ ಹಲಗೆಯ ಅಚ್ಚು ನಿಲ್ಲಿಸಿ, ಸಣ್ಣ ಕಲ್ಲು ಬೆರೆತ ತೇವದ ಮಣ್ಣನ್ನು ಪದರಪದರವಾಗಿ ಸುರಿದು, ಮರದ ಕೊರಡಿನಿಂದ ಜಜ್ಜಿ ಗಟ್ಟಿ ಮಾಡುತ್ತಾರೆ. ಮಣ್ಣು ಹಿಡಿದರೆ ಉಂಡೆಯಾಗಬೇಕು, ಕೈಗೆ ಮೆತ್ತಬಾರದು. ನೀರು ಹೆಚ್ಚಾದರೆ ಒಣಗುವಾಗ ಗೋಡೆ ಬಿರುಕು ಬಿಡುತ್ತದೆ. ಕಡಿಮೆಯಾದರೆ ಪದರಗಳು ಒಂದಕ್ಕೊಂದು ಕಚ್ಚಿಕೊಳ್ಳವು. ಗೋಡೆಯಲ್ಲಿ ಸಾಲಾಗಿ ಕಾಣುವ ತೂತುಗಳು ಕಿಟಕಿಗಳಲ್ಲ, ಅಚ್ಚನ್ನು ಹೊತ್ತಿದ್ದ ಅಡ್ಡಗೋಲುಗಳ ಗುರುತು. ಮೇಲಿನ ಅಂತಸ್ತಿನ ಅಲಂಕಾರವೆಲ್ಲ ಹಸಿ ಇಟ್ಟಿಗೆಯದ್ದು, ತೂಕ ಕಡಿಮೆ. ಚಾವಣಿಗೆ ಮರದ ತೊಲೆ, ಜೊಂಡಿನ ಚಾಪೆ, ಅದರ ಮೇಲೆ ಮಣ್ಣು. ಬಯಲುಸೀಮೆಯ ಮಾಳಿಗೆ ಮನೆ ಕಂಡವರಿಗೆ ಇದು ಹೊಸದೇನಲ್ಲ.

ಇಂಥ ಮನೆ ಬೀಳುವುದು ನೆತ್ತಿಯಿಂದ ಮತ್ತು ಬುಡದಿಂದ. ಚಾವಣಿಯ ನೀರು ಹೊರಬೀಳುವ ದೋಣಿ ಕಟ್ಟಿಕೊಂಡರೆ ಮಳೆನೀರು ಗೋಡೆಯೊಳಗೇ ಇಳಿಯುತ್ತದೆ. ಬುಡದಲ್ಲಿ ನೀರು ನಿಂತರೆ ಗೋಡೆ ಕೆಳಗಿನಿಂದ ಕೊರೆದುಹೋಗುತ್ತದೆ. ಹುಲ್ಲು ಕಲೆಸಿದ ಮಣ್ಣನ್ನು ಆಗಾಗ ಮೆತ್ತುವವರಿದ್ದರೆ ಮನೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಬೀಗ ಹಾಕಿ ಹೋದ ಮನೆಯಲ್ಲಿ ಮೊದಲು ಕುಸಿಯುವುದು ಚಾವಣಿ.

ಊಟಕ್ಕೆ ಶುಕ್ರವಾರವಾದರೆ ಕುಸ್ಕುಸ್ ಕೇಳಿ, ಇಮಾಝಿಘೆನ್ ಬಾಯಲ್ಲಿ ಅದು 'ಸೆಕ್ಸು'. ನಮ್ಮ ರವೆಯ ಹಾಗೆ ಕಂಡರೂ ಕುದಿಸುವುದಿಲ್ಲ, ಹಬೆಯಲ್ಲಿ ಎರಡು ಮೂರು ಸಲ ಬೇಯಿಸುತ್ತಾರೆ. ಪ್ರತಿ ಸಲ ತಟ್ಟೆಗೆ ಸುರಿದು, ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ ಗಂಟು ಬಿಡಿಸುವುದು. ಪಾತ್ರೆ ಮತ್ತು ಜರಡಿಯ ಸಂದಿಗೆ ಹಿಟ್ಟು ಮೆತ್ತಿದ ಬಟ್ಟೆ ಸುತ್ತದಿದ್ದರೆ ಹಬೆ ಪಕ್ಕದಲ್ಲೇ ಹೋಗಿ ಕಾಳು ಬೇಯುವುದೇ ಇಲ್ಲ.

ಮಧ್ಯಾಹ್ನದ ಪ್ರವಾಸಿ ಬಸ್ಸುಗಳು ಹೋದ ಮೇಲೆ ಗುಡ್ಡ ಹತ್ತುವುದು ಒಳ್ಳೆಯದು. ಮನೆಯೊಳಗೆ ತೋರಿಸುವವರಿಗೆ ಕೊಡಲು 10–20 ದಿರ್ಹಮ್ ಚಿಲ್ಲರೆ ಇರಲಿ. ನೆತ್ತಿಯಲ್ಲಿರುವುದು ಊರಿನ ಸಾಮೂಹಿಕ ಉಗ್ರಾಣದ ಅವಶೇಷ. ಫೋಟೊಗಾಗಿ ಅದರ ಗೋಡೆ ಹತ್ತಬೇಡಿ: ಕಾಲಿಟ್ಟಲ್ಲಿ ಅಂಚು ಒಡೆದರೆ ಮುಂದಿನ ಮಳೆಯ ನೀರು ಅಲ್ಲಿಂದಲೇ ಒಳಗಿಳಿಯುತ್ತದೆ.