ಸ್ಪ್ಯಾನಿಷ್ ಕ್ಲಾಸಿಗೆ ಕನ್ನಡ ಬಂದ ಕಥೆ

ಬೆಂಗಳೂರಿನ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಒಂದರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ನಾನು ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ಊರಿಗೆ ಹೋದಾಗಲೆಲ್ಲ ‘ಅದನ್ನ ಕಲಿತು ಇಲ್ಲಿ ಯಾರ ಹತ್ರ ಮಾತಾಡ್ತಾರೆ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಮೊದಮೊದಲು ‘ಸುಮಾರು 20 ದೇಶಗಳ ಅಧಿಕೃತ ಭಾಷೆ’ ಅಂತೆಲ್ಲ ಹೇಳುತ್ತಿದ್ದೆ. ಈಗ ಸುಮ್ನೆ ನಗುತ್ತೇನೆ. ಮಕ್ಕಳಿಗೆ ಆ ಚಿಂತೆ ಇಲ್ಲ. ಸ್ಪ್ಯಾನಿಷ್‌ನಲ್ಲಿ ಪ್ರಶ್ನೆಯ ಶುರುವಿಗೇ ಒಂದು ಪ್ರಶ್ನೆ ಗುರುತು ತಲೆಕೆಳಗಾಗಿ ನಿಂತಿರುತ್ತದಲ್ಲ, ಅದೊಂದೇ ಅವರಿಗೆ ಎರಡು ದಿನ ಸಾಕು.

ಮೊದಲ ವರ್ಷ ಎಲ್ಲವನ್ನೂ ಇಂಗ್ಲಿಷಿನ ಮೂಲಕವೇ ಕಲಿಸಿದೆ. ಪುಸ್ತಕ ಹಾಗಿತ್ತು. ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು ಅನ್ನುವ ನಿಯಮವೂ ಇತ್ತು. ಮೂರನೇ ಕ್ಲಾಸಿನಲ್ಲಿ ವಯಸ್ಸು ಹೇಳುವ ಪಾಠ. ಸ್ಪ್ಯಾನಿಷ್‌ನಲ್ಲಿ ‘ತೆಂಗೊ ಓಚೊ ಆನ್ಯೊಸ್’ ಅನ್ನಬೇಕು. ಅಂದರೆ, ನನ್ನ ಹತ್ತಿರ ಎಂಟು ವರ್ಷ ಇದೆ ಅಂತ. ಮಕ್ಕಳು ‘ಸೊಯ್ ಓಚೊ’ ಅನ್ನುತ್ತಿದ್ದರು. ಇಂಗ್ಲಿಷಿನ ‘ಐ ಆ್ಯಮ್ ಏಯ್ಟ್’ ಅನ್ನು ಹಾಗೇ ಎತ್ತಿ ಇಟ್ಟಂತೆ. ಎಷ್ಟು ಸಲ ತಿದ್ದಿದರೂ ಮರುದಿನ ಮತ್ತೆ ಅದೇ. ಅದೂ ‘ಟೆಂಗೊ’ ಅಂತ ಇಂಗ್ಲಿಷಿನ ಟಕಾರ ಬೇರೆ.

ಒಂದು ದಿನ ಸೋತು, ಬಾಗಿಲ ಕಡೆ ನೋಡಿ, ಕನ್ನಡದಲ್ಲೇ ಹೇಳಿಬಿಟ್ಟೆ. ‘ನಾನು ಎಂಟು ವರ್ಷ ಅಂತೀರಾ? ನನಗೆ ಎಂಟು ವರ್ಷ ಅಂತೀರಾ?’ ಕ್ಲಾಸೆಲ್ಲ ‘ನನಗೆ!’ ಅಂದಿತು. ‘ಹಾಗಾದ್ರೆ ಸೊಯ್ ಯಾಕೆ?’ ಅಂದೆ. ಹಿಂದಿನ ಬೆಂಚಿನಿಂದ ಒಬ್ಬ ‘ತೆಂಗೊ, ತೆಂಗಿನಕಾಯಿ’ ಅಂತ ಕೂಗಿದ. ಎಲ್ಲರೂ ನಕ್ಕರು. ಅಲ್ಲಿಂದಾಚೆಗೆ ಆ ಕ್ಲಾಸಿನಲ್ಲಿ ‘ಟೆಂಗೊ’ ಯಾರ ಬಾಯಲ್ಲೂ ಬರಲಿಲ್ಲ. ಸ್ಪ್ಯಾನಿಷ್‌ನ ತ ನಮ್ಮ ತಕಾರದ ಹಾಗೇ, ನಾಲಿಗೆ ಹಲ್ಲಿಗೆ ತಾಗಬೇಕು. ಇದನ್ನು ವಿವರಿಸೋಕೆ ನಮ್ಮ ಪುಸ್ತಕ ಅರ್ಧ ಪುಟ ತಗೊಂಡಿತ್ತು.

ಆಮೇಲೆ ‘ಗುಸ್ತಾರ್’ ಬಂತು, ಅಂದರೆ ಇಷ್ಟವಾಗು, ಹಿಡಿಸು. ಸ್ಪ್ಯಾನಿಷ್ ಕಲಿಸುವವರಿಗೆಲ್ಲ ಗೊತ್ತು, ಇದು ತಲೆನೋವಿನ ಪಾಠ. ಇಂಗ್ಲಿಷಿನಲ್ಲಿ ಇಷ್ಟಪಡುವವನು ಕರ್ತೃ. ಸ್ಪ್ಯಾನಿಷ್‌ನಲ್ಲಿ ಇಷ್ಟವಾದ ವಸ್ತುವೇ ಕರ್ತೃ. ‘ಮೆ ಗುಸ್ತಾ ಎಲ್ ಮಾಂಗೊ’ ಅಂದರೆ ನನಗೆ ಮಾವಿನಹಣ್ಣು ಹಿಡಿಸುತ್ತದೆ. ಹಣ್ಣು ಹೆಚ್ಚಾದರೆ ‘ಮೆ ಗುಸ್ತಾನ್’, ಹಿಡಿಸುತ್ತವೆ. ಕ್ರಿಯಾಪದ ನನ್ನನ್ನು ನೋಡಿ ಬದಲಾಗುವುದಿಲ್ಲ, ಹಣ್ಣನ್ನು ನೋಡಿ ಬದಲಾಗುತ್ತದೆ. ಕನ್ನಡದಲ್ಲಿ ಇದು ಹುಟ್ಟಿದಾಗಿನಿಂದ ಬಾಯಲ್ಲಿದೆ ಅಲ್ವಾ! ಬರೀ ಕನ್ನಡ ಅಲ್ಲ. ಕ್ಲಾಸಿನ ತೆಲುಗು ಮಕ್ಕಳಿಗೆ ‘ನಾಕು ಇಷ್ಟಂ’, ತಮಿಳಿನವರಿಗೆ ‘ಎನಕ್ಕು ಪಿಡಿಕ್ಕುಂ’, ಹಿಂದಿಯವರಿಗೆ ‘ಮುಝೇ ಪಸಂದ್ ಹೈ’. ಎಲ್ಲರ ಮನೆಯಲ್ಲೂ ಇದ್ದದ್ದೇ. ಇಲ್ಲದಿದ್ದದ್ದು ನಾನು ಸೇತುವೆ ಮಾಡಿಕೊಂಡಿದ್ದ ಇಂಗ್ಲಿಷಿನಲ್ಲಿ ಮಾತ್ರ. ಹಿಂದಿನ ವರ್ಷ ಮೂರು ವಾರ ಎಳೆದಿದ್ದ ಪಾಠ ಆ ಸಲ ನಾಲ್ಕು ಪೀರಿಯಡ್‌ನಲ್ಲಿ ಮುಗಿಯಿತು. ‘ತೂ’ ಮತ್ತು ‘ಉಸ್ತೆದ್’ ಅಂತೂ ನೀನು, ನೀವು ಅಂದಷ್ಟೇ ಹೊತ್ತು.

ಎಲ್ಲ ಕಡೆಯೂ ಈ ಆಟ ನಡೆಯುವುದಿಲ್ಲ. ಇಂಗ್ಲಿಷಿನ ‘ಆ್ಯಮ್, ಈಸ್’ ಜಾಗದಲ್ಲಿ ಸ್ಪ್ಯಾನಿಷ್‌ಗೆ ‘ಸೆರ್’ ಮತ್ತು ‘ಎಸ್ತಾರ್’ ಅಂತ ಎರಡು ಕ್ರಿಯಾಪದ, ಹುಮ್ಮಸ್ಸಿನಲ್ಲಿ ಅವಕ್ಕೂ ಒಂದು ಕನ್ನಡ ಸೂತ್ರ ಹೊಸೆದಿದ್ದೆ. ‘ನಾನು ಟೀಚರ್’ ಅನ್ನುವಾಗ ಕ್ರಿಯಾಪದವೇ ಬೇಡ, ಅಲ್ಲಿ ಸೆರ್. ‘ಮನೆಯಲ್ಲಿ ಇದ್ದೇನೆ’ ಅನ್ನುವಾಗ ‘ಇದ್ದೇನೆ’ ಬೇಕು, ಅಲ್ಲಿ ಎಸ್ತಾರ್. ಚೆನ್ನಾಗಿದೆ ಅಂತ ಬೀಗುತ್ತಿದ್ದೆ. ಆರನೇ ಕ್ಲಾಸಿನ ಹುಡುಗಿ ಕೈ ಎತ್ತಿದಳು. ‘ಅವನು ಎತ್ತರ ಇದ್ದಾನೆ ಅಂತೀವಲ್ಲ ಪ್ರೊಫೆ, ಆಗ?’ ಆಗ ಸೆರ್, ‘ಎಸ್ ಆಲ್ತೊ’. ಸೂತ್ರ ಬಿತ್ತು. ಇಡೀ ಸೂತ್ರ ಅಳಿಸಿ, ಉದಾಹರಣೆಗಳನ್ನಷ್ಟೇ ಉಳಿಸಿಕೊಂಡೆ.

ಲಿಂಗದ ವಿಷಯದಲ್ಲಂತೂ ಕನ್ನಡ ಪೂರ್ತಿ ಕೈ ಎತ್ತುತ್ತದೆ. ನಮಗೆ ಮೇಜೂ ‘ಅದು’, ಪುಸ್ತಕವೂ ‘ಅದು’. ಅಲ್ಲಿ ಮೇಜು ಹೆಣ್ಣು, ‘ಲಾ ಮೆಸಾ’. ಪುಸ್ತಕ ಗಂಡು, ‘ಎಲ್ ಲಿಬ್ರೊ’. ಹಿಂದಿ ಮಾತಾಡುವ ಮಕ್ಕಳು ಅಲ್ಲಿ ಪ್ರಶ್ನೆಯನ್ನೇ ಕೇಳುವುದಿಲ್ಲ, ಅವರಿಗೆ ಅಭ್ಯಾಸ. ಹಾಗಾಗಿ ಆ ಪಾಠಕ್ಕೆ ಅವರನ್ನೇ ಟೀಚರ್ ಮಾಡುತ್ತೇನೆ.

ನನ್ನ ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ‘ಆನ್ಯೊಸ್’ ಬರೆಯುವಾಗ ಎನ್ ಅಕ್ಷರದ ತಲೆ ಮೇಲೆ ಅಲೆಯಂಥ ಸಣ್ಣ ಗೆರೆ ಬೇಕು. ಅದು ಬಿಟ್ಟುಹೋದರೆ ವರ್ಷ ಹೋಗಿ ಗುದದ್ವಾರ ಆಗುತ್ತದೆ. ಪೋಷಕರು ಬರುವ ದಿನಕ್ಕೆ ಅಂಟಿಸಿದ ಚಾರ್ಟಿನಲ್ಲಿ ನಾನೇ ಗೆರೆ ಮರೆತಿದ್ದೆ. ಇಪ್ಪತ್ತೆರಡು ಮಕ್ಕಳ ಹೆಸರಿನ ಮುಂದೆ! ಮೆಕ್ಸಿಕೊದಲ್ಲಿ ಕೆಲಸ ಮಾಡಿ ಬಂದಿದ್ದ ಒಬ್ಬ ತಂದೆ ಮೆಲ್ಲಗೆ ಪಕ್ಕಕ್ಕೆ ಕರೆದು ಹೇಳಿದರು. ಮಾರ್ಕರ್ ತಗೊಂಡು ನಿಂತಲ್ಲೇ ಇಪ್ಪತ್ತೆರಡು ಗೆರೆ ಎಳೆದೆ. ಈಗ ಆ ಅಕ್ಷರವನ್ನು ಮೊದಲ ವಾರವೇ ಕಲಿಸುತ್ತೇನೆ. ಪಕ್ಕದಲ್ಲಿ ನಮ್ಮ ‘ಞ’ ಬರೆಯುತ್ತೇನೆ. ಪಾಪ, ‘ಞ’ಗೂ ಒಂದು ಕೆಲಸ ಸಿಕ್ಕಿದೆ.

ಚಿಕ್ಕವರಿಗೆ ವ್ಯಾಕರಣ ಹೇಳಲೇಬಾರದು. ‘ಸಾಲ್ತಾ’ ಅಂದರೆ ಹಾರಬೇಕು, ‘ಸಿಯೆಂತಾತೆ’ ಅಂದರೆ ಕೂರಬೇಕು, ಅಷ್ಟೇ. ಒಂದು, ಎರಡನೇ ಕ್ಲಾಸಿನಲ್ಲಿ ದಿನಾ ಯಾರದಾದರೂ ಹಲ್ಲು ಬಿದ್ದಿರುತ್ತದೆ. ಸ್ಪೇನಿನಲ್ಲಿ ಬಿದ್ದ ಹಲ್ಲನ್ನು ದಿಂಬಿನಡಿ ಇಟ್ಟರೆ ಪೆರೆಸ್ ಅನ್ನುವ ಪುಟ್ಟ ಇಲಿ ಬಂದು ಹಲ್ಲು ಒಯ್ದು ಉಡುಗೊರೆ ಇಡುತ್ತದೆ. ಇದು ಹೇಳಿದರೆ ಸಾಕು, ‘ನಮ್ಮಜ್ಜಿ ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೀತಿದ್ರಂತೆ’ ಅಂತ ಶುರು. ಆ ಹತ್ತು ನಿಮಿಷದಲ್ಲಿ ದಿಯೆಂತೆ, ಹಲ್ಲು, ತಾನಾಗಿಯೇ ಬಾಯಿಗೆ ಬಂದಿರುತ್ತದೆ.

ಏಳನೆಯವರು ಹಾರುವುದಿಲ್ಲ. ಅವರಿಗೆ ನಾಚಿಕೆ ಜಾಸ್ತಿ. ಆ ನಾಚಿಕೆ ಬಿಡಿಸೋಕೆ ‘ಎಂಬಾರಸಾದಾ’ ಅನ್ನುವ ಪದ ಇಟ್ಟುಕೊಂಡಿದ್ದೇನೆ. ಇಂಗ್ಲಿಷಿನ ‘ಎಂಬರಾಸ್ಡ್’ ಥರ ಕೇಳುತ್ತದೆ, ಅರ್ಥ ಗರ್ಭಿಣಿ. ನಾಚಿಕೆ ಆಯಿತು ಅಂತ ಹೇಳಲು ಹೋಗಿ ಒಬ್ಬಳು ಅದನ್ನೇ ಅಂದುಬಿಡುತ್ತಾಳೆ, ಅರ್ಥ ಹೇಳಿದ ಮೇಲೆ ಮಾತು ಶುರುವಾಗುತ್ತದೆ.

ಇಂಗ್ಲಿಷ್ ಮಾತ್ರ ಅನ್ನುವ ನಿಯಮ ಕಾಗದದಲ್ಲಿ ಇನ್ನೂ ಇದೆ. ನನ್ನ ಕ್ಲಾಸಿನ ಬಗ್ಗೆ ಯಾರೂ ಏನೂ ಅಂದಿಲ್ಲ, ನಾನೂ ಕೇಳಲು ಹೋಗಿಲ್ಲ. ಮೊನ್ನೆ ನಾಲ್ಕನೇ ಕ್ಲಾಸಿನ ನೋಟ್‌ಬುಕ್ ತಿದ್ದುತ್ತಿದ್ದೆ. ಒಬ್ಬಳು ಬರೆದಿದ್ದಳು: ‘ಆ ಮಿ ಅಜ್ಜಿ ಲೆ ಗುಸ್ತಾ ಕಾಫೆ’. ನನ್ನ ಅಜ್ಜಿಗೆ ಕಾಫಿ ಇಷ್ಟ. ‘-ಗೆ’ ಇರಬೇಕಾದ ಜಾಗದಲ್ಲಿ ‘ಆ’ ಇತ್ತು, ಜೊತೆಗೆ ಬರಬೇಕಾದ ‘ಲೆ’ (ಅವರಿಗೆ) ಕೂಡ ಇತ್ತು. ಕಾಫಿಯ ಹಿಂದೆ ‘ಎಲ್’ ಬಿಟ್ಟುಹೋಗಿತ್ತು, ಕೆಂಪು ಪೆನ್ನಿನಲ್ಲಿ ಸೇರಿಸಿದೆ. ಅಜ್ಜಿಯನ್ನು ಹಾಗೇ ಬಿಟ್ಟೆ.